ಬೆಳ್ಳಿ ಲೋಟದ ತಳದಲ್ಲಿ ಯಾರ ಹೆಸರಿದೆ?

1/10

ಮನೇಲಿ ಬೆಳ್ಳಿ ಲೋಟ, ಕುಂಕುಮದ ಭರಣಿ, ಪಂಚಪಾತ್ರೆ ಏನಾದ್ರೂ ಇದ್ರೆ ಒಂದ್ಸಲ ತಗೊಂಡು ತಲೆಕೆಳಗು ಮಾಡಿ ನೋಡಿ. ಅಮ್ಮನ್ನ ಕೇಳಿ ತಗೊಳ್ಳಿ, ಬೀರು ಕೀ ವಿಷಯಕ್ಕೆ ನನ್ನ ಹೆಸರು ತರಬೇಡಿ.

ಏನು ಕಾಣಿಸ್ತು? ಈಚೆಗೆ ತಂದಿದ್ದಾದ್ರೆ ಒಂದು ಸಣ್ಣ ಸಂಖ್ಯೆ ಇರಬಹುದು, 925 ಅಂತಲೋ 800 ಅಂತಲೋ. ಪಕ್ಕದಲ್ಲಿ ಅಂಗಡಿಯ ಎರಡು ಅಕ್ಷರ. ಸ್ವಲ್ಪ ಹಳೇದಾದ್ರೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ಯಾರ ಮದುವೆಗೆ ಯಾರು ಕೊಟ್ಟಿದ್ದು, ಯಾವ ತಾರೀಖು. ಸ್ಟೀಲ್ ಪಾತ್ರೆ ಮೇಲೆ ಹಾಕಿಸ್ತಾರಲ್ಲ, ಹಾಗೇ. ಇನ್ನೂ ಹಳೇದು, ಮುತ್ತಜ್ಜಿ ಕಾಲದ್ದಾದ್ರೆ ಬಹುತೇಕ ಏನೂ ಇರಲ್ಲ.

ಕೊಟ್ಟೋರ ಹೆಸರಿದೆ. ತಗೊಂಡೋರ ಹೆಸರಿದೆ. ಮಾಡಿದೋರ ಹೆಸರೆಲ್ಲಿ?

ಈ ಸರಣಿ ಪೂರ್ತಿ ಆ ಒಂದು ಪ್ರಶ್ನೆ ಬಗ್ಗೆ. ಬೋಸ್ಟನ್‌ಗೆ ಹೋಗ್ತೀವಿ, ಚಂದ್ರವಳ್ಳಿಗೆ ಬರ್ತೀವಿ, ಮಧ್ಯೆ ನಮ್ಮ ಐಮಂಗಲದ ಒಂದು ಜೊತೆ ಕಾಲುಕಡಗದ ಲೆಕ್ಕಾನೂ ಬರುತ್ತೆ. ಬಿಕಾಂ ಓದ್ತಿರೋರಿಗೆ ಗುಡ್‌ವಿಲ್ ಚಾಪ್ಟರ್ ಯಾಕಿದೆ ಅಂತ ಇಲ್ಲಿ ಅರ್ಥ ಆದ್ರೂ ಆಗಬಹುದು. ನನಗಂತೂ ಪುಸ್ತಕದಲ್ಲಿ ಆಗಿರಲಿಲ್ಲ.

2/10

ಮೊದಲು ಹಾಲ್‌ಮಾರ್ಕ್ ಅನ್ನೋ ಪದ. ಇಲ್ಲಿ ಹಾಲು ಅಂದ್ರೆ ನಂದಿನಿ ಹಾಲಲ್ಲ, ಸಭಾಂಗಣ. ಲಂಡನ್ನಿನಲ್ಲಿ ಅಕ್ಕಸಾಲಿಗರ ಸಂಘಕ್ಕೆ ಒಂದು ದೊಡ್ಡ ಹಾಲ್ ಇತ್ತು, ಇವತ್ತಿಗೂ ಇದೆ. ಮಾಡಿದ ಪದಾರ್ಥ ಅಲ್ಲಿಗೆ ತಗೊಂಡು ಹೋಗಿ, ಚೂರು ಕೆರೆಸಿ, ಪರೀಕ್ಷೆ ಮಾಡಿಸಿ ಮುದ್ರೆ ಒತ್ತಿಸಬೇಕಿತ್ತು. ಆ ಹಾಲ್‌ನ ಮಾರ್ಕು ಹಾಲ್‌ಮಾರ್ಕ್.

1300ರಲ್ಲಿ ಅಲ್ಲಿನ ರಾಜ ಕಾನೂನು ಮಾಡಿದ: ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಇರಬೇಕು, ಇದ್ರೆ ಚಿರತೆ ತಲೆಯ ಮುದ್ರೆ. ಇದನ್ನೇ ಸ್ಟರ್ಲಿಂಗ್ ಅನ್ನೋದು. 1363ರಲ್ಲಿ ಇನ್ನೊಂದು ಕಾನೂನು: ಪ್ರತಿ ಅಕ್ಕಸಾಲಿಗನಿಗೂ ತನ್ನದೇ ಗುರುತು ಇರಬೇಕು. 1478ರಿಂದ ವರ್ಷಕ್ಕೊಂದು ಅಕ್ಷರ ಸೇರ್ತು. ಅಂದ್ರೆ ಒಂದು ಚಮಚ ತಿರುಗಿಸಿದ್ರೆ ಎಷ್ಟು ಶುದ್ಧ, ಯಾರು ಮಾಡಿದ್ದು, ಯಾವ ವರ್ಷ ಪರೀಕ್ಷೆ ಆಯ್ತು, ಮೂರೂ ಸಿಗ್ತಿತ್ತು.

ಇದನ್ನ ಗೌರವಕ್ಕೆ ಮಾಡಿದ್ದಲ್ಲ. ಮೋಸ ಸಿಕ್ಕಿದ್ರೆ ಯಾರ ಕುತ್ತಿಗೆಪಟ್ಟಿ ಹಿಡೀಬೇಕು ಅಂತ ಗೊತ್ತಾಗಲಿ ಅಂತ. ಮೇಕರ್ಸ್ ಮಾರ್ಕ್ ಹುಟ್ಟಿದ್ದೇ ಅನುಮಾನದಿಂದ. ಕಲೆ, ಹೆಮ್ಮೆ, ಬ್ರ್ಯಾಂಡು ಎಲ್ಲ ಆಮೇಲೆ ಬಂದಿದ್ದು.

3/10

ಈಗ ಸಮುದ್ರ ದಾಟಿ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜನ ಜೊತೇಲಿ ಕಸುಬು ತಗೊಂಡು ಹೋದ್ರು, ಹಾಲ್ ತಗೊಂಡು ಹೋಗೋಕೆ ಆಗಲಿಲ್ಲ. ಅಲ್ಲಿ ಪರೀಕ್ಷೆ ಮಾಡೋ ಕಚೇರಿನೇ ಇರಲಿಲ್ಲ. ಇದ್ದ ನಾಣ್ಯಗಳೋ ಸ್ಪೇನ್‌ದು, ಇನ್ನೊಂದು ದೇಶದ್ದು, ಅಂಚು ಕತ್ತರಿಸಿಕೊಂಡು ತೂಕ ಕಳ್ಕೊಂಡವು.

1652ರಲ್ಲಿ ಬೋಸ್ಟನ್ನಿನ ಆಡಳಿತ ಜಾನ್ ಹಲ್ ಅನ್ನೋ ಬೆಳ್ಳಿ ಕೆಲಸದವನಿಗೆ ಟಂಕಸಾಲೆ ನಡೆಸೋ ಕೆಲಸ ಕೊಡ್ತು. ಅವನ ಪಾಲುದಾರ ರಾಬರ್ಟ್ ಸ್ಯಾಂಡರ್ಸನ್. ಇಬ್ಬರೂ ನಾಣ್ಯ ಹೊಡೀತಿದ್ರು, ಅದೇ ಅಂಗಡಿಯಲ್ಲಿ ಬಟ್ಟಲು, ಲೋಟಾನೂ ಮಾಡ್ತಿದ್ರು. ಅವುಗಳ ಮೇಲೆ ಎರಡೆರಡು ಇಂಗ್ಲಿಷ್ ಅಕ್ಷರದ ಮುದ್ರೆ, ಒಂದು ಹಲ್‌ದು, ಇನ್ನೊಂದು ಸ್ಯಾಂಡರ್ಸನ್‌ದು. ಹಲ್‌ನ ಮುದ್ರೇಲಿ 'ಜೆ' ಇರಬೇಕಾದ ಕಡೆ 'ಐ' ಇರುತ್ತೆ. ತಪ್ಪಲ್ಲ, ಆ ಕಾಲದಲ್ಲಿ ಹಾಗೇ ಬರೀತಿದ್ದದ್ದು.

ಅಂದ್ರೆ ಅಮೆರಿಕದ ಆರಂಭದ ಬೆಳ್ಳಿಗೆ ಗ್ಯಾರಂಟಿ ಕೊಡ್ತಿದ್ದದ್ದು ಸರ್ಕಾರ ಅಲ್ಲ, ಒಬ್ಬ ಮನುಷ್ಯನ ಹೆಸರು. ಅವನು ಊರಲ್ಲೇ ಇದ್ದಾನೆ, ಭಾನುವಾರ ಚರ್ಚ್‌ನಲ್ಲಿ ಸಿಗ್ತಾನೆ, ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತಾನೆ? ಗುಡ್‌ವಿಲ್ ಅಂದ್ರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಬರೋದಕ್ಕೆ ಮುಂಚೆ ಇದೇ ಆಗಿತ್ತು ಅನ್ಸುತ್ತೆ.

ಇನ್ನೊಂದು ಮಜಾ ಇದೆ. ಅಲ್ಲಿ ಬ್ಯಾಂಕ್ ಬಾಗಿಲು ತೆಗೆದಿದ್ದೇ 1782ರಲ್ಲಿ. ಅದಕ್ಕೂ ಮುಂಚೆ ದುಡ್ಡಿರೋರು ನಾಣ್ಯ ಒಟ್ಟುಮಾಡಿ ಬೆಳ್ಳಿ ಕೆಲಸದವನಿಗೆ ಕೊಟ್ಟು ಟೀ ಪಾಟ್, ದೊಡ್ಡ ಲೋಟ ಮಾಡಿಸಿಡ್ತಿದ್ರು. ಯಾಕಂದ್ರೆ ನಾಣ್ಯ ಕಳುವಾದ್ರೆ ಅದು ನಿಮ್ಮದೇ ಅಂತ ಹೇಳೋಕಾಗಲ್ಲ. ಲೋಟ ಕಳುವಾದ್ರೆ ಹೇಳಬಹುದು: ಇಂಥವನ ಮುದ್ರೆ ಇದೆ, ನಮ್ಮ ಹೆಸರಿನ ಮೂರು ಅಕ್ಷರ ಕೊರೆದಿದೆ, ಗಂಡನದು, ಹೆಂಡತಿಯದು, ಮನೆತನದ್ದು. ಲೋಟ ಅಂದ್ರೆ ಪಾಸ್‌ಬುಕ್.

4/10

ಪಾಲ್ ರಿವೀರ್ ಹೆಸರು ಕೇಳಿರಬಹುದು. 1775ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೈನ್ಯ ಬರ್ತಿದೆ ಅಂತ ರಾತ್ರಿ ಕುದುರೆ ಮೇಲೆ ಹೋಗಿ ಸುದ್ದಿ ಮುಟ್ಟಿಸಿದೋನು. ಹೊಟ್ಟೆಪಾಡಿಗೆ ಅವನು ಬೆಳ್ಳಿ ಕೆಲಸದೋನು. 1768ರಲ್ಲಿ ಅವನು ಮಾಡಿದ ಒಂದು ಬಟ್ಟಲು ಬೋಸ್ಟನ್ನಿನ ಮ್ಯೂಸಿಯಂನಲ್ಲಿದೆ. ಬ್ರಿಟಿಷರ ತೆರಿಗೆ ವಿರುದ್ಧ ಬರೆದ ಪತ್ರವನ್ನ ವಾಪಸ್ ತಗೊಳ್ಳಲ್ಲ ಅಂತ ನಿಂತ 92 ಜನ ಶಾಸಕರ ಗೌರವಕ್ಕೆ ಮಾಡಿಸಿದ್ದು. ಮಾಡಿಸಿದ 15 ಜನರ ಹೆಸರು ಬಾಯಿಯ ಅಂಚಿನ ಸುತ್ತ ಕೊರೆದಿದೆ, ನಮ್ಮ ಮದುವೆ ಪಾತ್ರೆ ತರಾನೇ. ಆದ್ರೆ ಜೊತೆಗೆ ಆಯತಾಕಾರದ ಸಣ್ಣ ಚೌಕಟ್ಟಿನಲ್ಲಿ ರಿವೀರ್ ಹೆಸರೂ ಇದೆ.

1949ರಲ್ಲಿ ಮ್ಯೂಸಿಯಂ ಅದನ್ನ ಕೊಂಡಾಗ ಬೋಸ್ಟನ್ನಿನ ಶಾಲಾ ಮಕ್ಕಳು, ಸಾಮಾನ್ಯ ಜನ ಕೊಟ್ಟ 700 ದೇಣಿಗೆಗಳೂ ಆ ಹಣದಲ್ಲಿದ್ದವು. ಮಾಡಿದವನ ಹೆಸರು ಇಲ್ಲದೇ ಇದ್ದಿದ್ರೆ ಮಕ್ಕಳು ಕೊಡ್ತಿದ್ರಾ? ನನಗೆ ಡೌಟು.

ರಿವೀರ್ ಹಲ್ಲು ಕಟ್ಟೋ ಕೆಲಸಾನೂ ಮಾಡ್ತಿದ್ದ. ಅವನ ಗೆಳೆಯ ಜೋಸೆಫ್ ವಾರನ್ 1775ರ ಯುದ್ಧದಲ್ಲಿ ಸತ್ತ. ತಿಂಗಳುಗಳಾದ ಮೇಲೆ ಹೂತಿದ್ದ ದೇಹ ತೆಗೆದಾಗ ಗುರುತು ಹಿಡಿದಿದ್ದು ರಿವೀರ್, ತಾನೇ ಕಟ್ಟಿದ್ದ ಹಲ್ಲು ನೋಡಿ. ಮುದ್ರೆ ಇಲ್ಲದಿದ್ರೂ ಕೆಲಸಗಾರ ತನ್ನ ಕೈಕೆಲಸ ಗುರುತಿಸ್ತಾನೆ.

ಇನ್ನೊಬ್ಬನ ಬಗ್ಗೆ ಹೇಳಲೇಬೇಕು, ಪೀಟರ್ ಬೆಂಟ್ಜನ್. ಕೆರಿಬಿಯನ್ ದ್ವೀಪದಲ್ಲಿ 1783ರ ಸುಮಾರಿಗೆ ಹುಟ್ಟಿ, ಫಿಲಡೆಲ್ಫಿಯಾದಲ್ಲೂ ಸೇಂಟ್ ಕ್ರಾಯ್ ದ್ವೀಪದಲ್ಲೂ ಕೆಲಸ ಮಾಡಿದೋನು, ಆಫ್ರಿಕನ್ ಮೂಲದವನು. ಆಗ ಅಲ್ಲಿನ ಎಷ್ಟೋ ಬೆಳ್ಳಿ ಅಂಗಡಿಗಳಲ್ಲಿ ಗುಲಾಮರು ದುಡೀತಿದ್ರು, ಮುದ್ರೆ ಮಾತ್ರ ಯಜಮಾನನದ್ದು. ಬೆಂಟ್ಜನ್ ಸ್ವತಂತ್ರ ಮನುಷ್ಯ, ತನ್ನ ಹೆಸರಿನ ಮುದ್ರೆ ಹಾಕಿದ. ಹಾಕಿದ್ದರಿಂದ ಇವತ್ತು ನಮಗೆ ಗೊತ್ತಿದೆ. ಹಾಕೋಕೆ ಆಗದವರು ಕಳೆದೇಹೋದ್ರು.

5/10

ಅಮೆರಿಕದ ಕಥೆ ಬೇಗ ಮುಗಿಸ್ತೀನಿ. 1814ರಲ್ಲಿ ಬಾಲ್ಟಿಮೋರ್‌ನಲ್ಲಿ ಪರೀಕ್ಷಾ ಕಚೇರಿ ಶುರುವಾಯ್ತು, 1830ರ ಹೊತ್ತಿಗೆ ಕಡ್ಡಾಯ ಹೋಯ್ತು. ಬೇರೆ ಕಡೆ 'ಕಾಯಿನ್' ಅಂತ ಒತ್ತೋಕೆ ಶುರು ಮಾಡಿದ್ರು, ಅಂದ್ರೆ ನಾಣ್ಯದಷ್ಟೇ ಶುದ್ಧ. 1837ರಿಂದ ಅಲ್ಲಿನ ನಾಣ್ಯದ ಶುದ್ಧತೆ ಸಾವಿರಕ್ಕೆ 900. ಗೋರ್ಹಮ್ ಕಂಪನಿಯಂತೂ ಸಿಂಹ, ಲಂಗರು, ಒಂದು ಅಕ್ಷರ ಸೇರಿಸಿ ಮುದ್ರೆ ಮಾಡ್ಕೊಂಡ್ತು. ನೋಡಿದ್ರೆ ಇಂಗ್ಲೆಂಡಿನ ಸರ್ಕಾರಿ ಮುದ್ರೆ ಅನ್ನಿಸಬೇಕು, ಹಾಗೆ. ಕೊನೆಗೆ 1906ರಲ್ಲಿ ಕೇಂದ್ರದ ಕಾನೂನು ಬಂತು: ಸ್ಟರ್ಲಿಂಗ್ ಅಂತ ಒತ್ತಿದ್ರೆ ಸ್ಟರ್ಲಿಂಗೇ ಇರಬೇಕು. 1961ರ ತಿದ್ದುಪಡಿ, ಶುದ್ಧತೆ ಒತ್ತಿದ ಕಡೆ ಒತ್ತಿದವರ ಟ್ರೇಡ್‌ಮಾರ್ಕೂ ಇರಬೇಕು ಅಂತು.

'ನಾಣ್ಯದಷ್ಟೇ ಶುದ್ಧ' ಅನ್ನೋ ಮಾತು ನೆನಪಲ್ಲಿಟ್ಕೊಳ್ಳಿ. ಎಂಟನೇ ಭಾಗದಲ್ಲಿ ಅದೇ ಮಾತು ನಮ್ಮ ಅಜ್ಜಿ ಬಾಯಲ್ಲಿ ಬರುತ್ತೆ.

6/10

ಈಗ ನಮ್ಮ ಕಡೆ. ನಾವು ಬೆಳ್ಳಿ ಮೇಲೆ ಗುರುತು ಹಾಕೋದನ್ನ ಯಾರಿಂದಲೋ ಕಲಿತವರಲ್ಲ. 'ರೂಪಾಯಿ' ಅನ್ನೋ ಪದಾನೇ ನೋಡಿ. ಸಂಸ್ಕೃತದ 'ರೂಪ್ಯ'ದಿಂದ ಬಂದಿದ್ದು. ಪಾಣಿನಿ ತನ್ನ ವ್ಯಾಕರಣದಲ್ಲಿ ಈ ಪದಕ್ಕೆ ಅಂತಲೇ ಒಂದು ಸೂತ್ರ ಇಟ್ಟಿದ್ದಾನೆ: ರೂಪ ಒತ್ತಿದ್ದು ರೂಪ್ಯ. ಅಂದ್ರೆ ನಮ್ಮ ದುಡ್ಡಿನ ಹೆಸರಿನ ಅರ್ಥವೇ 'ಗುರುತು ಒತ್ತಿದ್ದು'. ಫೋನ್‌ಪೇ ಮಾಡುವಾಗಲೂ ನಾವು ಅದೇ ಪದ ಹೇಳ್ತಿದೀವಿ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆ ಅಧಿಕಾರಿಗೆ ಲಕ್ಷಣಾಧ್ಯಕ್ಷ ಅಂತ ಹೆಸರು. ಲಕ್ಷಣ ಅಂದ್ರೆ ಗುರುತು. ಗುರುತುಗಳ ಮೇಲಧಿಕಾರಿ! ನಾಣ್ಯ ಪರೀಕ್ಷೆ ಮಾಡೋಕೆ ರೂಪದರ್ಶಕ ಅಂತ ಇನ್ನೊಬ್ಬ. ಇವತ್ತಿನ ಹಾಲ್‌ಮಾರ್ಕ್ ಸೆಂಟರ್‌ಗೆ ಆ ಬೋರ್ಡ್ ಹಾಕಿದ್ರೆ ಎಷ್ಟು ಚೆನ್ನಾಗಿರುತ್ತೆ.

ಆ ಕಾಲದ ಬೆಳ್ಳಿ ನಾಣ್ಯ ಸುಮಾರು ಮೂರೂವರೆ ಗ್ರಾಂ. ಸೂರ್ಯ, ಬೆಟ್ಟ, ಪ್ರಾಣಿ, ಹೀಗೆ ಮೌರ್ಯರ ಕಾಲದ ನಾಣ್ಯಗಳಲ್ಲಿ ಮುಂದುಗಡೆ ಐದು ಗುರುತು, ಒಂದೊಂದನ್ನೂ ಬೇರೆ ಬೇರೆ ಉಳಿಯಲ್ಲಿ ಒತ್ತಿರೋದು. ನನಗೆ ಇಷ್ಟ ಆಗೋದು ಹಿಂದುಗಡೆ. ಅಲ್ಲಿ ಸಣ್ಣ ಸಣ್ಣ ಗುರುತುಗಳು ಒಂದರ ಮೇಲೊಂದು ಇರ್ತವೆ. ಇವುಗಳಲ್ಲಿ ಎಷ್ಟೋ, ನಾಣ್ಯ ಕೈಯಿಂದ ಕೈಗೆ ಹೋಗ್ತಿದ್ದಾಗ ಪರೀಕ್ಷೆ ಮಾಡಿದವರು ಒತ್ತಿದ್ದು ಅಂತ ಪಂಡಿತರು ಹೇಳ್ತಾರೆ. 'ನಾನು ನೋಡಿದೀನಿ, ಸರಿ ಇದೆ' ಅನ್ನೋ ಟಿಕ್ಕು. ಕನ್ನಡದಲ್ಲಿ ಇಂಥ ಕೆಲಸದವನಿಗೆ ಚಿನಿವಾರ ಅಂತ ಪದ ಇದೆ. ಪೇಪರ್‌ನಲ್ಲಿ ಚಿನ್ನ ಬೆಳ್ಳಿ ದರದ ಮೇಲೆ 'ಚಿನಿವಾರಪೇಟೆ' ಅಂತ ಹಾಕ್ತಾರಲ್ಲ, ಅವನೇ.

ಚಿತ್ರದುರ್ಗದ ಚಂದ್ರವಳ್ಳಿಗೆ ನಾವೆಲ್ಲ ಹೋಗಿದೀವಿ, ಅಂಕಲಿ ಮಠದ ಕತ್ತಲಲ್ಲಿ ಕಿರುಚಾಡಿ ರೀಲ್ಸ್ ಮಾಡಿದೀವಿ. ಅದೇ ಕಣಿವೆಯಲ್ಲಿ 1929ರ ಸುಮಾರಿಗೆ ಮೈಸೂರಿನ ಎಂ. ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಮುಖ ಇರೋ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಎರಡು ಸಾವಿರ ವರ್ಷದ ಹಿಂದೆ, ನಮ್ಮ ಜಿಲ್ಲೇಲಿ. ಯಶವಂತಪುರದಲ್ಲಿ 1891ರಲ್ಲಿ ಇಂಥವೇ 163 ಒಟ್ಟಿಗೆ ಸಿಕ್ಕಿದ್ವು. ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಕೆಲವಕ್ಕೆ ಚಕ್ರವರ್ತಿ ಮುಖದ ಮೇಲೇ ಉಳಿ ಏಟು ಹಾಕಿ ಸೀಳಿದ ಗೆರೆ ಇದೆ. ನೀನು ಯಾವ ದೊರೆಯಾದ್ರೇನು, ಬೆಳ್ಳಿಯ ಗುಣ ಬೆಳ್ಳಿಯೇ ಹೇಳಲಿ ಅಂತ.

7/10

ಹಾಗಾದ್ರೆ ನಾಣ್ಯದ ಮೇಲೆ ಇಷ್ಟೆಲ್ಲ ಗುರುತು ಹಾಕಿದ ಜನ, ಕಡಗದ ಮೇಲೆ, ಕಾಲ್ಗೆಜ್ಜೆ ಮೇಲೆ ಯಾಕೆ ಹಾಕಲಿಲ್ಲ?

ಹೆಸರು ಬರೆಯೋ ಅಭ್ಯಾಸ ಇಲ್ಲ ಅನ್ನೋ ಹಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ್ದು. ಅವುಗಳ ಕೊನೇಲಿ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. 'ಲಿಪಿಕಾರ' ಅನ್ನೋ ಅವನ ಕಸುಬಿನ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಖರೋಷ್ಠಿ ನಡೀತಿದ್ದದ್ದು ದೂರದ ವಾಯವ್ಯದಲ್ಲಿ. ತನಗೆ ಇದೂ ಬರುತ್ತೆ ಅಂತ ತೋರಿಸಿದ ಹಾಗಿದೆ. ಚಕ್ರವರ್ತಿಯ ಆಜ್ಞೆ ಕೆಳಗೆ ಕೆಲಸಗಾರನ ಸಹಿ! ಬೇಲೂರಿನ ಶಿಲ್ಪಗಳ ಮೇಲೆ ಬಳ್ಳಿಗಾವಿಯ ದಾಸೋಜ, ಚಾವಣ ಬಿರುದು ಸಮೇತ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಗಂಗರ ತಾಮ್ರ ಶಾಸನಗಳ ಕೊನೇಲಿ ವಿಶ್ವಕರ್ಮಾಚಾರ್ಯ.

ಕಲ್ಲು ಕರಗಲ್ಲ. ತಾಮ್ರದ ಶಾಸನ ಭೂಮಿಯ ದಾಖಲೆ, ಯಾರೂ ಕರಗಿಸಲ್ಲ. ಬೆಳ್ಳಿ ಒಡವೆ ಹಾಗಲ್ಲ. ಅದು ಒಂದು ತಲೆಮಾರಿನ ಡಾಬು, ಮುಂದಿನ ತಲೆಮಾರಿನ ಉಡಿದಾರ, ಅದರ ಮುಂದಿನವರಿಗೆ ಕಾಲ್ಗೆಜ್ಜೆ. ಕರಡಿಗೆ, ಕಾಲುಂಗುರ, ಕುಂಕುಮದ ಭರಣಿ, ಎಲ್ಲ ಒಂದೇ ಬೆಳ್ಳಿ ಸುತ್ತಾಡಿದ್ದು. ಹೇಗಿದ್ರೂ ಮೂಸೆಗೆ ಹೋಗೋ ಪದಾರ್ಥದ ಮೇಲೆ ಹೆಸರು ಯಾರು ಒತ್ತುತ್ತಾರೆ? ಇದು ನನ್ನ ಊಹೆ. ಆದ್ರೆ ಬೆಳ್ಳಿಗೆ ಗ್ಯಾರಂಟಿ ಬೇರೆ ಕಡೆಯಿಂದ ಬರ್ತಿತ್ತು ಅನ್ನೋದು ಊಹೆ ಅಲ್ಲ. ಅದು ಬರ್ತಿದ್ದದ್ದು ರೂಪಾಯಿಯಿಂದ.

1835ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಒಂದೇ ಮಾದರಿ ರೂಪಾಯಿ. ತೂಕ 180 ಗ್ರೇನ್, ಅಂದ್ರೆ 11.66 ಗ್ರಾಂ. ಇದೇ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಕ್ಯಾಲ್ಕುಲೇಟರ್ ತೆಗೀರಿ: ಸಾವಿರಕ್ಕೆ 916. ಚಿನ್ನದ ಜಾಹೀರಾತಲ್ಲಿ ಕೇಳೋ ಅದೇ 916! ಜನ ಏನ್ಮಾಡ್ತಿದ್ರು ಅಂದ್ರೆ ರೂಪಾಯಿ ತಗೊಂಡು ಹೋಗಿ ಅಕ್ಕಸಾಲಿಗರ ಮುಂದೆ ಇಡ್ತಿದ್ರು. ಅದೇ ಬೆಳ್ಳಿ, ಅದೇ ತೂಕದ ಕಲ್ಲು. ರಾಣಿ ಮುಖವೇ ಹಾಲ್‌ಮಾರ್ಕ್, ಮೂಸೆಗೆ ಹೋಗೋವರೆಗೆ. ನಮ್ಮ ತಾಂಡಾಗಳ ಲಂಬಾಣಿ ಅಜ್ಜಿಯರು ಇನ್ನೂ ಜಾಣರು, ನಾಣ್ಯ ಕರಗಿಸದೆ ಕೊಂಡಿ ಹಾಕಿ ಹಾರ ಮಾಡ್ಕೊಂಡ್ರು. ಮುದ್ರೆ ಹಾಗೇ ಉಳೀತು.

1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳೀತು, 1947ರಲ್ಲಿ ಪೂರ್ತಿ ನಿಕ್ಕಲ್ ಆಯ್ತು. ಹಳಬರು 'ರಾಣಿ ರೂಪಾಯಿ' ಅಂತ ಬೇರೆ ಮಾಡಿ ಹೇಳೋದು ಸುಮ್ಮನೆ ಅಲ್ಲ.

8/10

ಹೋದ ಬೇಸಿಗೇಲಿ ನಮ್ಮ ಬೋರ್‌ವೆಲ್ ಮೋಟಾರ್ ಸುಟ್ಟೋಯ್ತು. ಅಜ್ಜಿ ಟ್ರಂಕ್‌ನಿಂದ ಒಂದು ಜೊತೆ ಕಾಲುಕಡಗ ತೆಗೆದ್ರು, ಅವರ ಅತ್ತೆ ಮಾಡಿಸಿದ್ದು. ಇಪ್ಪತ್ತು ರೂಪಾಯಿ ತೂಕ ಅಂತ ಮನೇಲಿ ಮಾತು. ಅಂದ್ರೆ 233 ಗ್ರಾಂ. ನಾನೂ ಅಜ್ಜಿ ಜೊತೆ ಪೇಟೆಗೆ ಹೋದೆ. ಅಂಗಡಿ ತಕ್ಕಡೀಲಿ ಬಂದಿದ್ದು 226. ಅಷ್ಟು ವರ್ಷ ನಡೆದ ಕಾಲು, ಏಳು ಗ್ರಾಂ ಸವೆದಿರೋದು ದೊಡ್ಡದಲ್ಲ.

ಅಂಗಡಿಯವರು ತಿರುಗಿಸಿ ನೋಡಿದ್ರು. "ಮಾರ್ಕ್ ಇಲ್ವಲ್ಲಮ್ಮ, ಹಳೇದು. ನೂರಕ್ಕೆ ಅರವತ್ತು ಹಾಕ್ತೀವಿ."

ಅಜ್ಜಿ ಕೂತಲ್ಲಿಂದ ಏಳಲೇ ಇಲ್ಲ. "ರಾಣಿ ರೂಪಾಯ್ ಕರಗ್ಸಿ ಮಾಡ್ಸಿದ್ದು ಕಣಪ್ಪ ಇವು. ನಮ್ಮತ್ತೆ ಮುಂದ್ ಕುಂತು ಮಾಡ್ಸವ್ರೆ. ಅರವತ್ತು ಹೆಂಗೆ ಆಗ್ತೈತೆ?"

ಅವರು ನಕ್ಕರು ಅಷ್ಟೇ. ನಾವು ಎದ್ದು ಟೆಸ್ಟಿಂಗ್ ಮೆಷಿನ್ ಇರೋ ಇನ್ನೊಂದು ಕಡೆ ಹೋದ್ವಿ. ಮೆಷಿನ್ ತೋರಿಸಿದ್ದು ನೂರಕ್ಕೆ 89 ಚಿಲ್ರೆ. ರೂಪಾಯಿಯ 91ಕ್ಕೂ ಇದಕ್ಕೂ ಇರೋ ವ್ಯತ್ಯಾಸ ಬೆಸುಗೆಯದ್ದಂತೆ, ಬೆಸುಗೆಗೆ ಬೇರೆ ಲೋಹ ಸೇರಿಸಲೇಬೇಕು. 226 ಗ್ರಾಂಗೆ ನೂರರಲ್ಲಿ 29ರ ವ್ಯತ್ಯಾಸ ಅಂದ್ರೆ 65 ಗ್ರಾಂ ಬೆಳ್ಳಿ. ಗ್ರಾಂಗೆ ಬರೀ 100 ರೂಪಾಯಿ ಅಂದ್ಕೊಂಡ್ರೂ 6,500. ನನ್ನ ಒಂದು ಸೆಮಿಸ್ಟರ್ ಫೀಸ್‌ಗಿಂತ ಜಾಸ್ತಿ. ಒಂದು ಮುದ್ರೆ ಇಲ್ಲದ್ದಕ್ಕೆ ಇಷ್ಟು ಬೆಲೆ.

'ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ' ಅಂತ ಗಾದೆ ಇದೆ. ನನಗೆ ಆ ಗಾದೆ ಮೊದಲಿಂದಲೂ ಇಷ್ಟ ಇಲ್ಲ, ಆವತ್ತಿಂದ ಇನ್ನೂ ಇಲ್ಲ. ಇಂಗ್ಲೆಂಡಿನ ಅಕ್ಕಸಾಲಿಗರ ಮೇಲೂ ಇದೇ ಅನುಮಾನ ಇತ್ತು. ಅಲ್ಲಿ ಅನುಮಾನ ಬಂದಾಗ ಕಾನೂನು ಮಾಡಿದ್ರು, ಹೆಸರು ಒತ್ತಿಸಿದ್ರು. ಇಲ್ಲಿ ಗಾದೆ ಮಾಡಿ ಬಿಟ್ಟರು. ಈ ಕಡಗ ಮಾಡಿದ ಮನುಷ್ಯ ಮೋಸ ಮಾಡಿರಲಿಲ್ಲ ಅಂತ ಮೆಷಿನ್ ಹೇಳ್ತು. ಆದ್ರೆ ಆ ಒಳ್ಳೆ ಹೆಸರನ್ನ ಯಾರ ಲೆಕ್ಕಕ್ಕೆ ಜಮಾ ಮಾಡೋದು? ಅಜ್ಜೀನ ಕೇಳಿದೆ. "ಆಚಾರಪ್ಪ ಅಂತಿದ್ರು" ಅಂದ್ರು. ಅದು ಕುಲದ ಹೆಸರು, ಅವರ ಹೆಸರಲ್ಲ.

ಕಡಗ ಮೆಷಿನ್ ಲೆಕ್ಕಕ್ಕೇ ಕೊಟ್ವಿ. ಮೋಟಾರ್ ಬಂತು, ನೀರೂ ಬಂತು. ಕಡಗ ಇಷ್ಟೊತ್ತಿಗೆ ಗಟ್ಟಿ ಆಗಿರುತ್ತೆ.

9/10

ಕರ್ನಾಟಕದಲ್ಲಿ ಬೆಳ್ಳಿ ಮೇಲೆ ಹೆಸರು ಒತ್ತೋದು ಶುರುವಾಗಿದ್ದು ದಂಡು ಪ್ರದೇಶದ ಗಿರಾಕಿಗಳ ಸುತ್ತ. ಸಾಹೇಬರಿಗೆ ಲೋಟ ತಿರುಗಿಸಿ ನೋಡೋ ಅಭ್ಯಾಸ. ಇಲ್ಲಿ ಪರೀಕ್ಷೆ ಮಾಡೋ ಹಾಲ್ ಇಲ್ಲ, ಅಮೆರಿಕದಲ್ಲಿ ಇಲ್ಲದ ಹಾಗೇ. ಹಾಗಾಗಿ ಅಂಗಡಿ ಹೆಸರೇ ಗ್ಯಾರಂಟಿ. ಮದ್ರಾಸಿನ ಮೌಂಟ್ ರೋಡ್‌ನಲ್ಲಿ ಪಿ. ಓರ್ ಅಂಡ್ ಸನ್ಸ್, ಬೆಂಗಳೂರಿನಲ್ಲಿ ಬಾರ್ಟನ್. ಟೀ ಪಾಟ್, ಹಾಲಿನ ಜಗ್ಗು, ಟ್ರೇ, ಅವುಗಳ ಮೈ ತುಂಬ ಉಬ್ಬು ಕೆಲಸದಲ್ಲಿ ದೇವರುಗಳು. ಇದಕ್ಕೆ 'ಸ್ವಾಮಿ' ಬೆಳ್ಳಿ ಅಂತಲೇ ಹೆಸರು. ಕೃಷ್ಣನೋ ಸುಬ್ರಹ್ಮಣ್ಯನೋ ಇರೋ ಪಾಟ್‌ನಲ್ಲಿ ಟೀ ಕುಡೀತಿದ್ರು ಅನ್ನೋದನ್ನ ನೆನೆಸ್ಕೊಂಡ್ರೆ ನಗು ಬರುತ್ತೆ.

ಇವು ಇವತ್ತು ವಿದೇಶದ ಹರಾಜುಗಳಲ್ಲಿ ಬರ್ತವೆ. ತಳದಲ್ಲಿ ಬಾರ್ಟನ್ ಅಂತಲೋ ಓರ್ ಅಂತಲೋ ಇರುತ್ತೆ. ಆ ದೇವರ ಮೂಗು, ಕಿರೀಟ, ನವಿಲಿನ ಗರಿ ತಟ್ಟಿ ಎಬ್ಬಿಸಿದ ನಮ್ಮ ಕಡೆ ಕೆಲಸಗಾರನ ಹೆಸರು ಅದರ ಮೇಲಿಲ್ಲ. ನಾಲ್ಕನೇ ಭಾಗದ ಅಮೆರಿಕದ ಅಂಗಡಿ ನೆನಪಾಯ್ತಾ? ಇವರು ಗುಲಾಮರಲ್ಲ, ಆದ್ರೂ ಮುದ್ರೆ ಯಜಮಾನನದ್ದೇ.

ಇದಕ್ಕೆ ಉಲ್ಟಾ ಒಬ್ಬ ಇದ್ದ. ಕಛ್‌ನ ಭುಜ್ ಊರಿನ ಊಮರ್ಸಿ ಮಾವ್ಜಿ. ಅಲ್ಲಿನ ರಾಜರ ಆಸ್ಥಾನಕ್ಕೆ ಕೆಲಸ ಮಾಡಿದೋನು. ತನ್ನ ಹೆಸರಿನ ಎರಡು ಅಕ್ಷರ, ಜೊತೆಗೆ ಊರಿನ ಹೆಸರು 'ಭುಜ್' ಒತ್ತಿದ. ಆ ಪುಟ್ಟ ಮುದ್ರೆ ಇದ್ದರೆ ಸಂಗ್ರಹಕಾರರು ಇವತ್ತು ಮುಗಿಬೀಳ್ತಾರೆ. ಬೆಂಗಳೂರಲ್ಲೂ ನಮ್ಮವರದೇ ಹೆಸರಿನ ಅಂಗಡಿ ಬಂತು, ಸಿ. ಕೃಷ್ಣಯ್ಯ ಚೆಟ್ಟಿ ಅವರು 1869ರಲ್ಲಿ ಶುರು ಮಾಡಿದ್ದು ಇವತ್ತಿಗೂ ನಡೀತಿದೆ. ಆದ್ರೆ ಅದೂ ಅಂಗಡಿಯ ಹೆಸರು. ಬೆಂಚಿನ ಮೇಲೆ ಕೂತು ಊದುಕೊಳವೆ ಊದಿದವನು ಇನ್ನೂ ಕತ್ತಲಲ್ಲೇ.

10/10

ಸರ್ಕಾರಿ ಮುದ್ರೆ ನಮ್ಮಲ್ಲಿ ಬಂದಿದ್ದು ಯಾವಾಗ ಗೊತ್ತಾ? ಇಂಗ್ಲೆಂಡ್‌ಗೆ 1300. ನಮಗೆ ಚಿನ್ನಕ್ಕೆ 2000, ಬೆಳ್ಳಿಗೆ 2005. ಅಂದ್ರೆ ಬೆಳ್ಳಿ ಹಾಲ್‌ಮಾರ್ಕ್ ನಮ್ಮಷ್ಟೇ ವಯಸ್ಸಿನದು. ಬಿಐಎಸ್ ತ್ರಿಕೋನ, ಶುದ್ಧತೆ ಸಂಖ್ಯೆ, ಪರೀಕ್ಷಾ ಕೇಂದ್ರದ ಗುರುತು, ಅಂಗಡಿಯ ಗುರುತು ಇರ್ತಿತ್ತು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬಂದಿದೆ, ಕಡ್ಡಾಯ ಅಲ್ಲ, ಇಷ್ಟ ಇದ್ದೋರಿಗೆ. ಪದಾರ್ಥಕ್ಕೊಂದು ಬೇರೆ ನಂಬರ್. ಫೋನ್‌ನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿ ನಂಬರ್ ಕೊಟ್ಟರೆ ಯಾವ ಅಂಗಡಿ, ಎಲ್ಲಿ ಪರೀಕ್ಷೆ, ಎಷ್ಟು ಶುದ್ಧ ಅಂತ ತೋರಿಸುತ್ತೆ. ಒಡವೆಗೆ ಆಧಾರ್ ಕಾರ್ಡ್ ಅಂದ್ಕೊಳ್ಳಿ.

ಇದು ಒಳ್ಳೇದೇ. ಇನ್ನೊಬ್ಬ ಅಜ್ಜಿಗೆ 'ಅರವತ್ತು' ಅನ್ನೋಕೆ ಆಗಲ್ಲ. ಆದ್ರೆ ಒಂದು ವಿಷಯ ನೋಡಿ. ಆರಂಭದ ಬೋಸ್ಟನ್ನಿನಲ್ಲಿ ಶುದ್ಧತೆ ಸಂಖ್ಯೆ ಇರಲಿಲ್ಲ, ಹೆಸರಿತ್ತು. ಈಗ ನಮ್ಮಲ್ಲಿ ಸಂಖ್ಯೆ ಇದೆ, ಒಡವೆ ಮೇಲೆ ಅಂಗಡಿ ಹೆಸರೂ ಬೇಕಿಲ್ಲ. ಇನ್ನು ಮಾಡಿದೋರ ಹೆಸರು ಯಾವ ಆ್ಯಪ್‌ನಲ್ಲೂ ಬರಲ್ಲ.

ಅದಕ್ಕೆ ಒಂದು ಕೆಲಸ ಇದೆ, ನಿಮ್ಮಿಂದಲೇ ಆಗೋದು. ಬೆಳ್ಳಿ ರೇಟ್ ಕಿಲೋಗೆ ಲಕ್ಷ ದಾಟಿದ ಮೇಲೆ ಎಲ್ಲರ ಮನೆ ಹಳೇ ಬೆಳ್ಳಿ ಹೊರಗೆ ಬರ್ತಿದೆ. ಮಾರಬೇಡಿ ಅಂತ ನಾನು ಹೇಳಲ್ಲ, ಮೋಟಾರ್ ಯಾರೂ ಪುಕ್ಕಟೆ ಕೊಡಲ್ಲ. ಮಾರೋ ಮುಂಚೆ ಮೂರು ಫೋಟೋ ತೆಗೀರಿ: ಪೂರ್ತಿ ಒಂದು, ತಳ ಅಥವಾ ಒಳಮೈ ಒಂದು, ಕೊಂಡಿ ಮತ್ತು ಬೆಸುಗೆ ಹತ್ತಿರದಿಂದ ಒಂದು. ಬೆಳಕು ಪಕ್ಕದಿಂದ ಬೀಳಲಿ, ಸವೆದ ಅಕ್ಷರ ಆಗ ಕಾಣುತ್ತೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಅಳತೆ ಗೊತ್ತಾಗುತ್ತೆ. ಮೊದಲೇ ಟೆಸ್ಟ್ ಮಾಡಿಸಿ, ಬಾಯಿ ಲೆಕ್ಕಕ್ಕೆ ಕೊಡಬೇಡಿ. ಆಮೇಲೆ ಮನೇಲಿ ಹಿರಿಯರು ಯಾರಿದ್ದಾರೋ ಅವರ ಪಕ್ಕ ಕೂತು ಕೇಳಿ: ಯಾವ ಊರಿನ ಆಚಾರ್ರು, ಅಂಗಡಿ ಎಲ್ಲಿತ್ತು, ಹೆಸರೇನು. 'ಆಚಾರಪ್ಪ' ಅಂದ್ರೆ ಅಲ್ಲಿಗೇ ಬಿಡಬೇಡಿ, ಇನ್ನೊಂದು ಸಲ ಕೇಳಿ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಕಡೆಯವರು ಸಿಕ್ಕಿದ್ದನ್ನ ನನಗೆ ಕಳಿಸಿ. ಮನೆಯವರ ಹೆಸರು, ಅಡ್ರೆಸ್ ಬೇಡ. ಪದಾರ್ಥದ ಫೋಟೋ, ಊರು, ಮಾಡಿದವರ ಹೆಸರು ಸಾಕು. ಒಂದು ಹಾಳೇಲಿ ಪಟ್ಟಿ ಶುರು ಮಾಡಿದೀನಿ. ಮೊದಲನೇ ಸಾಲಿನಲ್ಲಿ ಐಮಂಗಲ, ಕಾಲುಕಡಗ, 226 ಗ್ರಾಂ ಅಂತ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟಿದೀನಿ.

#ಐಮಂಗಲ #ಹಿರಿಯೂರು #ಚಿತ್ರದುರ್ಗ #ಬೆಳ್ಳಿ #ಅಕ್ಕಸಾಲಿ #ನಮ್ಮಇತಿಹಾಸ